ಗುಂಡಿಯಕ್ಕನ ನಡಿಗೆ

ನಮ್ಮ ಶಾಲೆ ಇದ್ದದ್ದು ಒಂದು ಹಳೆಯ ನೂಲಿನ ಗಿರಣಿಯಲ್ಲಿ. ವಿಶ್ವವಿದ್ಯಾಲಯದವರು ಯಂತ್ರಗಳನ್ನು ಕಿತ್ತು ಸಾಗಿಸಿ, ಗೋಡೆಗೆ ಸುಣ್ಣ ಬಳಿದು, ಸಿನಿಮಾ, ಅನಿಮೇಷನ್ ಮತ್ತು ಕಂಪ್ಯೂಟರ್ ಆಟಗಳ ವಿನ್ಯಾಸ ಕಲಿಸುವ ತರಗತಿಗಳನ್ನು ಅಲ್ಲಿ ಕೂರಿಸಿದ್ದರು. ಮಾಡಿನ ಗಾಜುಗಳಿಂದ ಬಿಸಿಲು ಓರೆಯಾಗಿ ಇಳಿಯುತ್ತಿತ್ತು. ಆ ಬಿಸಿಲಿನಲ್ಲಿ ತೇಲುತ್ತಿದ್ದದ್ದು ಗಿರಣಿಯ ಕಾಲದ ಹತ್ತಿಯ ಎಳೆಗಳೇ ಎಂದು ಹುಡುಗರು ನಂಬಿದ್ದರು. ನಾನು ಅಲ್ಲಿ ಚಿತ್ರಕಥೆ ಬರೆಯುವುದನ್ನು ಕಲಿಸುತ್ತಿದ್ದೆ. ಅದು ಬರೀ ಧೂಳು ಎಂದು ಹೇಳಲು ನನಗೂ ಬಾಯಿ ಬರುತ್ತಿರಲಿಲ್ಲ.

ಮೂರನೇ ಮಹಡಿಯ ಕೊನೆಯಲ್ಲಿ ಉಡುಪಿನ ಕೋಣೆ. ವಿದ್ಯಾರ್ಥಿಗಳ ಚಿತ್ರಗಳಿಗೆ ಬೇಕಾಗುವ ಬಟ್ಟೆಗಳೆಲ್ಲ ಅಲ್ಲಿ ಸಾಲಾಗಿ ತೂಗುತ್ತಿದ್ದವು. ರಾಜನ ನಿಲುವಂಗಿಗೆ ಅಂಚೆಯವನ ಕೋಟು ಒರಗಿಕೊಂಡಿರುತ್ತಿತ್ತು, ಅದರಾಚೆ ಒಂಟಿ ರೆಕ್ಕೆಯ ಗಂಧರ್ವನ ಅಂಗಿ. ಇನ್ನೊಂದು ರೆಕ್ಕೆಯನ್ನು ಯಾವ ವರ್ಷದವರು ಹೊತ್ತೊಯ್ದರೋ ದೇವರೇ ಬಲ್ಲ. ಈ ಲೋಕದ ಒಡತಿಗೆ ಶಾಲೆಯವರಿಟ್ಟ ಹೆಸರು ಗುಂಡಿಯಕ್ಕ. ಐವತ್ತು ದಾಟಿದ, ದುಂಡು ಮುಖದ, ಕೈ ಚುರುಕಿನ ಹೆಂಗಸು. ಹೊಲಿಗೆ, ಇಸ್ತ್ರಿ, ಬಟ್ಟೆ ಕೊಡುವುದು, ವಾಪಸ್ ಬಾರದ ಬಟ್ಟೆಗಾಗಿ ಬೈಯುವುದು, ಎಲ್ಲ ಅವರದೇ. ಏಪ್ರನ್ನಿನ ಜೇಬಿನಲ್ಲಿ ಸದಾ ಬಿಡಿ ಗುಂಡಿಗಳು ಗಲಗಲ ಅನ್ನುತ್ತಿದ್ದವು. ಹೊಸದಾಗಿ ಬಂದ ಹುಡುಗರು ಹೆಸರು ಕೇಳಿ ಕಿಸಕ್ಕೆಂದರೆ ಅವರು ಸೂಜಿಯಿಂದ ಕಣ್ಣು ಕೀಳದೆ ಹೇಳುತ್ತಿದ್ದರು: "ಇದು ಅಂಗಿಗೆ ಹಾಕೋ ಗುಂಡಿ ಕಣ್ರಪ್ಪ. ಬೀಳೋ ಗುಂಡೀನ ನೀವು ನೀವೇ ತೋಡ್ಕೋತೀರಿ, ಪರೀಕ್ಷೆ ಹತ್ರ ಬಂದಾಗ."

ಗಂಡ ಸಿಟಿ ಬಸ್ಸಿನ ಚಾಲಕ. ಒಬ್ಬಳೇ ಮಗಳು, ಆಸ್ಪತ್ರೆಯಲ್ಲಿ ನರ್ಸು. ಅಣ್ಣನೊಬ್ಬ ಅದೇ ಊರಿನಲ್ಲಿ ಇದ್ದಾನೆ ಎಂಬುದು ಮಾತ್ರ ಶಾಲೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವರು ಹೇಳಿರಲಿಲ್ಲ.

ನೆಲಮಹಡಿಯಲ್ಲಿ ಒಂದು ದೊಡ್ಡ ಹಜಾರವಿತ್ತು. ಸುತ್ತ ಕಪ್ಪು ಪರದೆ. ಮೇಲೆ ತೊಲೆಯಿಂದ ತೊಲೆಗೆ ಕ್ಯಾಮೆರಾಗಳು, ಒಂದೊಂದರ ಸುತ್ತಲೂ ಕೆಂಪು ದೀಪದ ಬಳೆ. ಮೈಗಂಟುವ ಕಪ್ಪು ಅಂಗಿಯೊಂದಿತ್ತು. ಅದರ ಮೊಣಕಾಲು, ಮೊಣಕೈ, ಸೊಂಟ, ಭುಜಗಳ ಮೇಲೆಲ್ಲ ಹೊಳೆಯುವ ಸಣ್ಣ ಚುಕ್ಕಿಗಳು. ಅದನ್ನು ತೊಟ್ಟವರು ನಡೆದರೆ, ಕುಣಿದರೆ, ಬಿದ್ದರೆ ಕ್ಯಾಮೆರಾಗಳು ಚುಕ್ಕಿಗಳನ್ನಷ್ಟೇ ನೋಡಿ ಚಲನೆಯನ್ನು ಹಿಡಿದಿಡುತ್ತವೆ. ಆಮೇಲೆ ಆ ಚಲನೆಯನ್ನು ಅನಿಮೇಷನ್ನಿನ ಯಾವ ಗೊಂಬೆಗೆ ಬೇಕಾದರೂ ತೊಡಿಸಬಹುದು. ಈ ವಿದ್ಯೆ ಕಲಿಸುತ್ತಿದ್ದವರು ಒಬ್ಬ ತೆಳ್ಳನೆಯ ಯುವಕ. ನಾವೆಲ್ಲ ಅವರನ್ನು ಚುಕ್ಕಿ ಮೇಷ್ಟ್ರು ಅನ್ನುತ್ತಿದ್ದೆವು.

ಒಂದು ದಿನ ಬೆಳಗ್ಗೆ ಚುಕ್ಕಿ ಅಂಗಿ ತೊಡಬೇಕಿದ್ದ ನಟಿ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ತರಗತಿ ತುಂಬ ಹುಡುಗರು ಕಾದಿದ್ದಾರೆ. ಅಂಗಿಯ ಹೊಲಿಗೆ ಬಿಟ್ಟಿದೆ ಎಂದು ಗುಂಡಿಯಕ್ಕ ಕೆಳಗೆ ಬಂದಿದ್ದರು, ಹೊಲಿದು ಮುಗಿಸಿದ್ದರು. ಚುಕ್ಕಿ ಮೇಷ್ಟ್ರು ಅವರನ್ನೂ ಅಂಗಿಯನ್ನೂ ಒಮ್ಮೆ ನೋಡಿದರು.

"ಅಕ್ಕಾ, ನೀವೇ ಒಂದ್ಸಲ ಹಾಕ್ಕೊಂಡ್ಬಿಡಿ. ಸುಮ್ನೆ ನಡೆದ್ರೆ ಸಾಕು."

"ಈ ವಯಸ್ಸಲ್ಲಿ ನನಗ್ಯಾಕಪ್ಪ ಈ ಮೀನಿನ ಚರ್ಮ?"

"ಮುಖ ಕಾಣಲ್ಲ ಅಕ್ಕ. ಬರೀ ನಡಿಗೆ."

"ಮುಖ ಕಾಣ್ಲಿ ಬಿಡು, ಹೊಟ್ಟೆ ಕಾಣುತ್ತಲ್ಲ!" ಎಂದು ಗೊಣಗುತ್ತಲೇ ಅವರು ಪರದೆಯ ಹಿಂದೆ ಹೋದರು.

ಮತ್ತೆ ಹೊರಬಂದಾಗ ಹುಡುಗರು ಚಪ್ಪಾಳೆ ತಟ್ಟಿದರು. ಎದುರಿನ ದೊಡ್ಡ ಪರದೆಯ ಮೇಲೆ ಒಂದು ಬೂದು ಬಣ್ಣದ ಆಕೃತಿ ಎದ್ದು ನಿಂತಿತ್ತು. ಮುಖವಿಲ್ಲ, ಕೂದಲಿಲ್ಲ, ಬಟ್ಟೆಯಿಲ್ಲ, ಮಂಜಿನಲ್ಲಿ ದೂರ ನಿಂತವರ ಹಾಗೆ. ಅಕ್ಕ ಕೈಯೆತ್ತಿದರು, ಅದೂ ಎತ್ತಿತು. "ಅಯ್ಯೋ ಮಂಗ" ಎಂದು ನಕ್ಕರು. ಆಮೇಲೆ ಹಜಾರದ ಈ ತುದಿಯಿಂದ ಆ ತುದಿಗೆ ನಡೆದರು. ಮೊದಲ ಸುತ್ತು ನಾಚಿಕೆಯ ಬಿಗಿ. ಎರಡನೆಯ ಸುತ್ತಿಗೆ ಮೈ ಸಡಿಲಾಯಿತು. ಮೂರನೆಯ ಸುತ್ತಿನಲ್ಲಿ ಓರೆಗಣ್ಣಿನಿಂದ ಪರದೆ ನೋಡುತ್ತ ಬರುತ್ತಿದ್ದವರು ನಡುವಲ್ಲೇ ನಿಂತುಬಿಟ್ಟರು. ಆಕೃತಿಯೂ ನಿಂತಿತು. ಒಂದು ಕಾಲ ಮೇಲೆ ಭಾರ ಹಾಕಿ, ಬಲಗೈಯನ್ನು ಹಿಂದೆ ಸೊಂಟಕ್ಕೆ ಕೊಟ್ಟು, ಎಡ ಹಿಮ್ಮಡಿಯನ್ನು ಮೆಲ್ಲಗೆ ಎತ್ತಿಕೊಂಡು.

"ಇವಳು ನಾನಲ್ಲ" ಅಂದರು.

"ನೀವೇ ಅಕ್ಕ."

"ಅಲ್ಲಪ್ಪ. ಇವಳು ನಮ್ಮಮ್ಮ."

ಯಾರೂ ನಗಲಿಲ್ಲ. ಅವರು ಪರದೆಯ ಹತ್ತಿರ ಹೋದರು. ಹತ್ತಿರ ಹೋದಷ್ಟೂ ಆಕೃತಿಯೂ ತನ್ನ ಲೋಕದಲ್ಲಿ ಎತ್ತಲೋ ನಡೆಯಿತು.

"ಇದನ್ನ ತಿರುಗಿಸೋಕಾಗುತ್ತಾ? ಬೆನ್ನ ಕಡೆಯಿಂದ ನೋಡ್ಬೇಕಿತ್ತು."

ಚುಕ್ಕಿ ಮೇಷ್ಟ್ರು ಹಿಡಿದಿಟ್ಟ ನಡಿಗೆಯನ್ನು ಮತ್ತೆ ಬಿಟ್ಟು, ಆಕೃತಿಯನ್ನು ಹಿಂದಿನಿಂದ ತೋರಿಸಿದರು. ಅದು ನಡೆಯುತ್ತ ಹೋಯಿತು. ಗುಂಡಿಯಕ್ಕ ಅಲ್ಲೇ ನೆಲದ ಮೇಲೆ, ಚುಕ್ಕಿಗಳ ಸಮೇತ, ಚಕ್ಕಳಮಕ್ಕಳ ಹಾಕಿ ಕೂತರು. ಅವರ ತಾಯಿ ಒಂದು ಹೋಟೆಲಿನ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗುತ್ತಿದ್ದವರಂತೆ. ಮಗಳನ್ನು ಶಾಲೆಯ ಗೇಟಿನವರೆಗೆ ಕರೆದೊಯ್ಯುವಾಗ ಸದಾ ಹತ್ತು ಹೆಜ್ಜೆ ಮುಂದೆ. ಓಡಿ ಓಡಿ ಹಿಂಬಾಲಿಸಿದ ಮಗುವಿಗೆ ತಾಯಿಯ ಮುಖಕ್ಕಿಂತ ಬೆನ್ನೇ ಹೆಚ್ಚು ಪರಿಚಯ. "ಮುಖ ಆಮೇಲಾಮೇಲೆ ಫೋಟೋ ಥರ ಆಗ್ಬಿಡ್ತು ನೋಡಿ" ಎಂದು ಒಮ್ಮೆ ನನಗೆ ಹೇಳಿದ್ದರು. "ನೆನಪಿಸ್ಕೊಂಡ್ರೆ ಫೋಟೋನೇ ನೆನಪಾಗುತ್ತೆ. ನಡಿಗೇನ ಮಾತ್ರ ಯಾರೂ ಫೋಟೋ ತೆಗ್ದಿರ್ಲಿಲ್ಲ."

ಅಂದಿನಿಂದ ಮಧ್ಯಾಹ್ನದ ಊಟದ ಹೊತ್ತಿಗೆ ಅವರು ಆಗೀಗ ಹಜಾರಕ್ಕೆ ಇಳಿಯುತ್ತಿದ್ದರು. ಚುಕ್ಕಿ ಮೇಷ್ಟ್ರು ಏನೂ ಕೇಳದೆ ನಡಿಗೆಯನ್ನು ಹಚ್ಚಿ ಹೊರಗೆ ಹೋಗುತ್ತಿದ್ದರು. ಕಪ್ಪು ಪರದೆಗಳ ನಡುವೆ ಬೂದು ಹೆಂಗಸು ದಾರಿಯೇ ಇಲ್ಲದ ಕಡೆ ನಡೆಯುತ್ತಿದ್ದಳು. ಅಕ್ಕ ಡಬ್ಬಿ ಬಿಚ್ಚಿ ಊಟ ಮಾಡುತ್ತ ನೋಡುತ್ತಿದ್ದರು. ಒಮ್ಮೆ ಬಾಗಿಲಲ್ಲಿ ಇಣುಕಿದಾಗ ನನಗೆ ಒಂದು ಕ್ಷಣ ಯಾರು ಯಾರ ಕನಸು ಕಾಣುತ್ತಿದ್ದಾರೆ ಎಂಬುದೇ ಗೊತ್ತಾಗಲಿಲ್ಲ. ಸದ್ದು ಮಾಡದೆ ಹಿಂದಿರುಗಿದೆ.

ಆ ನಡಿಗೆ, ಹಿಡಿದಿಟ್ಟ ಚಲನೆಗಳನ್ನು ಕೂಡಿಡುವ ಶಾಲೆಯ ಸಾರ್ವಜನಿಕ ಕಣಜ ಸೇರಿತು. ಯಾರಿಗೆ ಬೇಕಾದರೂ ತೆಗೆದುಕೊಳ್ಳಲು ಅವರೇ ಒಪ್ಪಿದ್ದರು. ವರ್ಷ ಕಳೆಯುವುದರೊಳಗೆ ಆ ನಡಿಗೆಯಲ್ಲಿ ರಾಣಿಯರು ನಡೆದರು, ಕಬ್ಬಿಣದ ಮನುಷ್ಯರು ನಡೆದರು, ಚಂದ್ರನ ಮೇಲೆ ಅಂಚೆ ಹಂಚುವವಳೊಬ್ಬಳು ನಡೆದಳು.

"ಅಕ್ಕಾ, ನಿಮ್ಮನ್ನ ಕರಡಿ ಮಾಡಿದೀನಿ" ಎಂದು ಒಬ್ಬ ಹುಡುಗ ಮೆಟ್ಟಿಲಲ್ಲಿ ಕೂಗಿದ.

"ಅದರಲ್ಲಿ ನೀನೇನು ಮಾಡಿದ್ದು? ನಮ್ಮ ಯಜಮಾನ್ರು ಮದುವೆಯಾದಾಗ್ಲಿಂದ ಹೇಳ್ತಿರೋದು ಅದನ್ನೇ!"

ಅದೇ ಶಾಲೆಯಲ್ಲಿ ದಪ್ಪ ಕನ್ನಡಕದ ಒಬ್ಬ ಹುಡುಗಿ ಆಟಗಳ ವಿನ್ಯಾಸ ಕಲಿಯುತ್ತಿದ್ದಳು. ಮಾತು ಕಡಿಮೆ. ಕೊನೆಯ ವರ್ಷದ ಕೆಲಸವಾಗಿ ಅವಳೊಂದು ಆಟ ಕಟ್ಟಿದಳು. ಅದರಲ್ಲಿ ಕೊಲ್ಲುವುದಿಲ್ಲ, ಗೆಲ್ಲುವುದಿಲ್ಲ. ಒಂದು ಊರು. ಮಧ್ಯಾಹ್ನದ ನಿದ್ದೆಯಲ್ಲಿ ಊರಿಗೆ ಊರೇ ಮುಳುಗಿದೆ. ದೂರದಿಂದ ಗಾಳಿ ಬರುತ್ತಿದೆ. ವಯಸ್ಸಾದ ಹೆಂಗಸೊಬ್ಬಳು ಬೀದಿಬೀದಿಯಲ್ಲಿ ನಡೆದು, ಜನ ತೆರೆದಿಟ್ಟೇ ಮಲಗಿರುವ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಾಳೆ. ಅಷ್ಟೇ ಆಟ. ಆಡುವವರು ಕೈಬಿಟ್ಟರೆ ಅವಳು ನಿಂತು, ಸೊಂಟಕ್ಕೆ ಕೈಕೊಟ್ಟು, ಹಿಮ್ಮಡಿ ಎತ್ತಿಕೊಂಡು ಕಾಯುತ್ತಾಳೆ. ನಡಿಗೆ, ನಿಲುವು ಎರಡೂ ಗುಂಡಿಯಕ್ಕನದು.

ವರ್ಷದ ಕೊನೆಗೆ ಶಾಲೆಯ ಬಾಗಿಲು ತೆರೆದು ಪ್ರದರ್ಶನವಿಡುವುದು ವಾಡಿಕೆ. ವಿದ್ಯಾರ್ಥಿಗಳ ಮನೆಯವರು, ಬೀದಿಯವರು, ಯಾರಾದರೂ ಬರಬಹುದು. ಆ ವರ್ಷ ಗುಂಡಿಯಕ್ಕನ ಮಗಳು ಬಂದಳು. ಜೊತೆಗೆ ತನ್ನ ಸೋದರಮಾವನನ್ನು ಕರೆತಂದಿದ್ದಳು, ತಾಯಿಗೆ ಹೇಳದೆ.

ಮಾವ ಬೀಗ ರಿಪೇರಿ ಮಾಡುವವರು. ಮಾರುಕಟ್ಟೆಯ ಮೂಲೆಯಲ್ಲಿ ಒಬ್ಬರೇ ಕೂರುವಷ್ಟು ಅಂಗಡಿ. ಅಣ್ಣ ತಂಗಿಗೆ ಮಾತು ಬಿಟ್ಟು ಹತ್ತು ವರ್ಷದ ಮೇಲಾಗಿತ್ತು. ತಾಯಿ ಆಸ್ಪತ್ರೆಗೆ ಸೇರಿದಾಗ ಜೊತೆಗಿದ್ದದ್ದು ಅಣ್ಣ. ಆಗ ತಂಗಿ ಗಂಡನ ಕೆಲಸದಿಂದಾಗಿ ಬೇರೆ ಊರಿನಲ್ಲಿದ್ದರು. ಅವರಿಗೆ ಸುದ್ದಿ ಮುಟ್ಟಿದ್ದು ಎಲ್ಲ ಮುಗಿದ ಮೇಲೆ. ಓಡಿ ಬಂದವರು ಬಾಗಿಲಲ್ಲೇ ನಿಂತು, "ಅಮ್ಮನ ಕೊನೇ ಮಾತಲ್ಲಿ ನನಗೂ ಪಾಲಿತ್ತು. ಅದನ್ನೂ ನೀನೊಬ್ಬನೇ ನುಂಗಿದೆ" ಅಂದಿದ್ದರು. ಆಮೇಲೆ ತಂಗಿ ಗಂಡನೊಂದಿಗೆ ಊರಿಗೆ ಮರಳಿದರು, ಆದರೂ ಇಬ್ಬರೂ ಒಂದೇ ಊರಲ್ಲಿದ್ದುಕೊಂಡು, ಎದುರಾದರೆ ರಸ್ತೆ ದಾಟುವ ಹಾಗಾಯಿತು. ಮಗಳು ಮಾತ್ರ ಎರಡು ಕಡೆಯೂ ಹೋಗಿ ಬರುತ್ತಿದ್ದಳು. "ಇಬ್ರಿಗೂ ಒಂದೇ ಥರ ಹಟ. ರಕ್ತ ಪರೀಕ್ಷೆ ಬೇರೆ ಯಾಕೆ ಬೇಕು?" ಅನ್ನುತ್ತಿದ್ದಳು.

ಆ ಹೊತ್ತು ನಾನು ಆಟಗಳ ಕೋಣೆಯಲ್ಲಿದ್ದೆ. ಮಾವ ಒಂದೊಂದೇ ಪರದೆ ನೋಡುತ್ತ, ಅರ್ಥವಾಗದ್ದಕ್ಕೆಲ್ಲ ಮರ್ಯಾದೆಗೆ ತಲೆಯಾಡಿಸುತ್ತ ಬಂದರು. ಕನ್ನಡಕದ ಹುಡುಗಿಯ ಮೇಜಿನ ಮುಂದೆ ಯಾರೂ ಆಡುತ್ತಿರಲಿಲ್ಲ. ಪರದೆಯಲ್ಲಿ ಆ ಹೆಂಗಸು ಬೀದಿಯ ನಡುವೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಅವಳ ಹಿಂದೆ ಕಿಟಕಿಯ ಪರದೆಯೊಂದು ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಮಾವ ದಾಟಿ ಮುಂದೆ ಹೋದವರು ಹಿಂದಿರುಗಿ ಬಂದರು. ಟೋಪಿ ತೆಗೆದು ಕೈಯಲ್ಲಿ ಹಿಡಿದರು.

"ಮಗೂ, ಈಕೆ ನಿನಗೆಲ್ಲಿ ಸಿಕ್ಕಳು?"

ಹುಡುಗಿಗೆ ಪ್ರಶ್ನೆ ತಿಳಿಯಲಿಲ್ಲ. "ನಾನೇ ಮಾಡಿದ್ದು ಸರ್."

"ಮುಖ ಬೇರೆ ಮಾಡಿದೀಯ. ಆದ್ರೆ ಇವಳು ನಮ್ಮಮ್ಮ. ನಲ್ಲಿ ಮುಂದೆ ಸಾಲಲ್ಲಿ ನಿಂತ್ರೆ ಹೀಗೇ ನಿಲ್ತಿದ್ಳು."

"ಅಲ್ಲ ಸರ್, ಇದು ನಮ್ಮ ಗುಂಡಿಯಕ್ಕನ ನಿಲುವು."

"ಯಾರು ಗುಂಡಿಯಕ್ಕ?"

ಅಷ್ಟರಲ್ಲಿ ಗುಂಡಿಯಕ್ಕನೇ ಬಾಗಿಲಲ್ಲಿದ್ದರು. ಯಾರದೋ ತೋಳಿನ ಹೊಲಿಗೆ ಬಿಟ್ಟಿದೆ ಎಂದು ಕರೆಸಿದ್ದರು. ಹಲ್ಲುಗಳ ನಡುವೆ ದಾರವಿತ್ತು. ಅಣ್ಣನನ್ನು ನೋಡಿದರು. ಇಲ್ಲಿ ದಾಟಿ ಹೋಗಲು ರಸ್ತೆಯಿರಲಿಲ್ಲ. ಮಗಳು ನೆಲ ನೋಡುತ್ತಿದ್ದಳು.

ಮೊದಲು ಮಾತಾಡಿದ್ದು ಅಣ್ಣ. ತಂಗಿಯ ಕಡೆ ನೋಡದೆ ಪರದೆಗೇ ಹೇಳಿದ ಹಾಗೆ. "ಅಮ್ಮ ಯಾರನ್ನೋ ಕಾಯ್ತಾ ನಿಂತಿದಾಳೆ."

ಗುಂಡಿಯಕ್ಕ ದಾರ ಬಾಯಿಂದ ತೆಗೆದರು. "ಯಾರನ್ನೂ ಕಾಯ್ತಿಲ್ಲ. ಆಡೋರು ಇಲ್ದಿದ್ರೆ ಹಾಗೆ ನಿಲ್ತಾಳೆ." ದಾರವನ್ನು ಬೆರಳಿಗೆ ಸುತ್ತಿಕೊಂಡು, "ತಿಂಡಿ ತಿಂದ್ಯಾ?" ಅಂದರು.

"ಹೂಂ. ಇಲ್ಲ."

"ಹೂಂ ಅಂದ್ರೆ ಹೂಂ ಅನ್ನು, ಇಲ್ಲ ಅಂದ್ರೆ ಇಲ್ಲ ಅನ್ನು."

ಕನ್ನಡಕದ ಹುಡುಗಿ ಆಟದ ಹಿಡಿಕೆಯನ್ನು ಮೆಲ್ಲಗೆ ಮಾವನ ಕೈಗಿತ್ತು, ಯಾವ ಗುಂಡಿ ಒತ್ತಿದರೆ ನಡೆಯುತ್ತಾಳೆ ಎಂದು ತೋರಿಸಿದಳು. ಬೀಗಗಳ ಒಳಗಿನ ಸಣ್ಣ ಸದ್ದು ಕೇಳಿ ಪಳಗಿದ ಬೆರಳುಗಳು ಗುಂಡಿಯನ್ನು ತಡವಿ ಹುಡುಕಿದವು. ಒತ್ತಿದರು. ಹೆಂಗಸು ನಡೆದಳು. ಒಂದು ಕಿಟಕಿ ಮುಚ್ಚಿದಳು, ಬೀದಿ ದಾಟಿದಳು, ಇನ್ನೊಂದು ಮುಚ್ಚಿದಳು. ಅಣ್ಣ ತಂಗಿ ಪಕ್ಕಪಕ್ಕದ ಸ್ಟೂಲಿನ ಮೇಲೆ ಕೂತು ನೋಡಿದರು. ಮೋಡದ ನೆರಳು ಆ ಊರಿನ ಮಾಡುಗಳ ಮೇಲೆ ತೆವಳುತ್ತಿತ್ತು.

"ನಿನ್ನ ಕರೆಸ್ಬಾರ್ದು ಅಂತಲ್ಲ ಕಣೇ" ಎಂದರು ಅಣ್ಣ, ಕಣ್ಣು ಕೀಳದೆ. "ಅಮ್ಮ ಏಳ್ತಾಳೆ ಅಂದ್ಕೊಂಡಿದ್ದೆ. ನಿನ್ನ ಕರೆಸಿದ್ರೆ, ಏಳಲ್ಲ ಅಂತ ನಾನೇ ಒಪ್ಕೊಂಡ ಹಾಗಾಗ್ತಿತ್ತು."

ತಂಗಿ ಪರದೆಯತ್ತ ಬೆರಳು ತೋರಿಸಿ, "ಆ ಎಡಗಡೆ ಮನೆ ಕಿಟಕಿ ಬಿಟ್ಬಿಟ್ಟೆ ನೋಡು" ಅಂದರು. ಅಣ್ಣ ಹೆಂಗಸನ್ನು ಹಿಂದಕ್ಕೆ ತಿರುಗಿಸಿದರು.

ಕಥೆ ಅಲ್ಲಿಗೆ ನಿಂತಿದ್ದರೂ ಸಾಕಿತ್ತು. ಆದರೆ ಅಂದು ಕ್ಯಾಂಟೀನಿನಲ್ಲಿ ಬ್ರೆಡ್ಡು ಚಹಾ ಮುಗಿಸಿ ಅಣ್ಣ ಎದ್ದು ಹೋಗುವಾಗ ಗುಂಡಿಯಕ್ಕ ಹಿಂದಿನಿಂದ ಅವರ ನಡಿಗೆ ನೋಡಿದರು. ಎಡ ಪಾದ ಸ್ವಲ್ಪ ಹೊರಕ್ಕೆ ಚೆಲ್ಲುತ್ತಿತ್ತು. ಬಲಗೈ ತುಸು ಹಿಂದೆ ಉಳಿಯುತ್ತಿತ್ತು, ಕಾಣದ ಯಾರನ್ನೋ ಬೆರಳು ಹಿಡಿದು ಕರೆತರುವ ಹಾಗೆ. ತಾಯಿ ಆಗಾಗ ಹೇಳುತ್ತಿದ್ದ ಮಾತು ಅವರಿಗೆ ನೆನಪಾಯಿತು: ಇವನದು ಥೇಟ್ ಅಪ್ಪನ ನಡಿಗೆ.

ಅಪ್ಪ ರೈಲಿನ ಯಾರ್ಡಿನಲ್ಲಿ ಕೆಲಸಕ್ಕಿದ್ದವರು. ಗುಂಡಿಯಕ್ಕ ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದರು. ಇದ್ದದ್ದು ಒಂದೇ ಫೋಟೋ, ಅದರಲ್ಲಿ ಕುರ್ಚಿಯ ಮೇಲೆ ಕೂತಿದ್ದಾರೆ. ಹಾಗಾಗಿ ಇಡೀ ಜೀವಮಾನ ಮಗಳಿಗೆ ಅಪ್ಪ ಎಂದರೆ ಕೂತ ಮನುಷ್ಯ. ಎದ್ದರೆ ಎಷ್ಟು ಎತ್ತರ, ಅದೂ ಗೊತ್ತಿಲ್ಲ.

ಮರುವಾರ ಅಣ್ಣನನ್ನು ಹಜಾರಕ್ಕೆ ಕರೆಸಿದರು. ಚುಕ್ಕಿ ಅಂಗಿಗೆ ಎರಡೂ ಬದಿಯಲ್ಲಿ ಬಟ್ಟೆ ಕೊಟ್ಟು ಅಗಲ ಮಾಡಿದ್ದರು. ಆದರೂ ಹೊಟ್ಟೆಯ ಬಳಿ ಪಿನ್ನು ಹಾಕಬೇಕಾಯಿತು.

"ಉಸಿರು ಬಿಡ್ಬಹುದಾ?" ಎಂದು ಅಣ್ಣ ಕೇಳಿದರು.

"ಬಿಡು, ಆದ್ರೆ ಪೂರ್ತಿ ಬಿಡ್ಬೇಡ."

ನಡೆಯಲು ಹೇಳಿದರೆ ಅಣ್ಣ ಕವಾಯತಿನ ಸಿಪಾಯಿಯಾದರು. ಎದೆ ಸೆಟೆಸಿ ಟಕ್ ಟಕ್ ಎಂದು ಹೋದರು, ಟಕ್ ಟಕ್ ಎಂದು ಬಂದರು. "ಮಾಮೂಲಾಗಿ ನಡೀರಿ ಸರ್" ಎಂದು ಚುಕ್ಕಿ ಮೇಷ್ಟ್ರು ಬೇಡಿಕೊಂಡರು. ಮಾಮೂಲು ಎಂಬ ಮಾತು ಕೇಳಿದ್ದೇ ಅವರು ಇನ್ನಷ್ಟು ಸೆಟೆದರು. ಕೊನೆಗೆ ಗುಂಡಿಯಕ್ಕ ಸಹಜ ದನಿಯಲ್ಲಿ, "ಅಣ್ಣಾ, ಆ ಹಿಂದಿನ ಬಾಗಿಲ ಚಿಲಕ ಯಾಕೋ ಅಲ್ಲಾಡ್ತಿದೆ ನೋಡು" ಎಂದರು.

ಅಣ್ಣ ಎಲ್ಲ ಮರೆತು ಅತ್ತ ಹೊರಟರು. ಚುಕ್ಕಿಗಳು, ಕ್ಯಾಮೆರಾಗಳು, ನಾವು, ಯಾವುದೂ ಅವರ ಪಾಲಿಗೆ ಇರಲಿಲ್ಲ. ಪರದೆಯ ಮೇಲೆ ಬೂದು ಬಣ್ಣದ ಗಂಡಸೊಬ್ಬ, ಎಡ ಪಾದ ಹೊರಕ್ಕೆ ಚೆಲ್ಲುತ್ತ, ಬಲಗೈ ಹಿಂದೆ ಬಿಟ್ಟು, ಏನೂ ಅವಸರವಿಲ್ಲದೆ ನಡೆದು ಹೋದ. ಅಪ್ಪ ಕುರ್ಚಿಯಿಂದ ಎದ್ದಿದ್ದರು.

ಗುಂಡಿಯಕ್ಕ ಅಳಲಿಲ್ಲ. ಬಾಯಿ ಸ್ವಲ್ಪ ತೆರೆದು, ಆಕಾಶದಲ್ಲಿ ಹೋಗುವ ಹಕ್ಕಿಸಾಲು ನೋಡುವ ಮಕ್ಕಳ ಹಾಗೆ ನೋಡಿದರು. ಅತ್ತ ಅಣ್ಣ ಚಿಲಕ ಅಲ್ಲಾಡಿಸಿ, "ಗಟ್ಟಿಯಾಗೇ ಇದೆಯಲ್ಲೇ!" ಎಂದು ಕೂಗುತ್ತಿದ್ದರು.

ಚುಕ್ಕಿ ಮೇಷ್ಟ್ರಿಗೆ ಏನನ್ನಿಸಿತೋ, ಅಮ್ಮನ ನಡಿಗೆಯನ್ನೂ ತಂದು ಅದೇ ನೆಲದ ಮೇಲೆ ಬಿಟ್ಟರು. ಇಬ್ಬರೂ ಒಟ್ಟಿಗೆ ಹೊರಟರು. ನಾಲ್ಕು ಹೆಜ್ಜೆಗೇ ಅವಳು ಮುಂದೆ, ಅವನು ಹಿಂದೆ. ಅಂತರ ಬೆಳೆಯುತ್ತ ಹೋಯಿತು.

"ಇಬ್ಬರದೂ ಒಂದೇ ವೇಗ ಮಾಡ್ಲಾ ಅಕ್ಕ? ಪಕ್ಕಪಕ್ಕ ಹೋಗ್ತಾರೆ."

"ಬೇಡ" ಎಂದರು ಅಣ್ಣ. ಹತ್ತಿರ ಬಂದು ನಿಂತಿದ್ದರು, ಉಸಿರು ಪೂರ್ತಿ ಬಿಟ್ಟಿದ್ದರಿಂದ ಪಿನ್ನು ಕಿತ್ತುಬಂದಿತ್ತು. "ಹೀಗೇನೇ ಹೋಗ್ತಿದ್ದಿದ್ದು. ಅಮ್ಮ ಮುಂದೆ ಮುಂದೆ. ಅಪ್ಪ ನನ್ನ ಕೈ ಹಿಡ್ಕೊಂಡು ಹಿಂದಿನಿಂದ ಕೂಗ್ತಾ ಬರ್ತಿದ್ದ."

"ಕೂಗ್ತಿದ್ನಾ?" ಗುಂಡಿಯಕ್ಕ ತಿರುಗಿದರು. ಈ ಮಾತು ಅವರಿಗೆ ಹೊಸದು. "ಏನಂತ?"

"ನಿಧಾನ ಕಣೇ, ಅಂತ."

"ಹಾಗಲ್ಲ. ಹೇಗೆ ಕೂಗ್ತಿದ್ದ, ಹಾಗೆ ಕೂಗು."

ಅರವತ್ತು ದಾಟಿದ ಬೀಗದವರು ಸುತ್ತ ನೋಡಿದರು. ನಾಚಿಕೆಯಿಂದ ಕಿವಿ ಕೆಂಪಾಗಿತ್ತು. ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಪರದೆಯತ್ತ ಮುಖ ಮಾಡಿ, ತನ್ನದಲ್ಲದ ಒಂದು ತುಂಬುದನಿಯಲ್ಲಿ ಕೂಗಿದರು:

"ನಿಧಾನ ಕಣೇ...!"

ಹಜಾರದ ಎತ್ತರದ ಮಾಡಿಗೆ ತಗುಲಿ ದನಿ ಮರಳಿತು. ಬೂದು ಹೆಂಗಸು ನಿಲ್ಲಲಿಲ್ಲ, ಅವಳಿಗೆ ಕೇಳುವಂತಿರಲಿಲ್ಲ. ಆದರೆ ನನ್ನ ಪಕ್ಕದಲ್ಲಿದ್ದ ಗುಂಡಿಯಕ್ಕ, ಯಾರೋ ತಮ್ಮನ್ನೇ ಕರೆದರೇನೋ ಎಂಬಂತೆ, ಮೆಲ್ಲಗೆ "ಹಾಂ" ಅಂದರು.

ಇದಾದ ಮೇಲೆ ಅಣ್ಣ ತಂಗಿ ಬಹಳ ಅನ್ಯೋನ್ಯವಾಗಿದ್ದರು ಎಂದರೆ ಸುಳ್ಳಾದೀತು. ಹತ್ತು ವರ್ಷದ ಜಗಳದ ಬಾಕಿಯಿತ್ತಲ್ಲ, ಅದನ್ನು ಸಣ್ಣ ಸಣ್ಣ ಕಂತಿನಲ್ಲಿ ಆಡಿ ತೀರಿಸುತ್ತಿದ್ದರು. ಅಣ್ಣ ಶಾಲೆಯ ಕಪಾಟುಗಳ ಬೀಗ ನೋಡುವ ನೆಪದಲ್ಲಿ ಬಂದು, ಉಡುಪಿನ ಕೋಣೆಯ ಕಿಟಕಿಯಲ್ಲಿ ಕೂತು, ತಂಗಿ ಇಸ್ತ್ರಿ ಮಾಡುವುದರಲ್ಲಿ ತಪ್ಪು ಹುಡುಕುತ್ತಿದ್ದರು. ಒಂದು ದಿನ ಕೋಪದಲ್ಲಿ ಅವರು ಅಣ್ಣನಿಗೆ ರಾಜನ ನಿಲುವಂಗಿ ಎಸೆದು, "ತಗೋ, ಅಪ್ಪಣೆ ಕೊಡೋದಿದ್ರೆ ಇದನ್ನ ಹಾಕ್ಕೊಂಡಾದ್ರೂ ಕೊಡು" ಅಂದರು. ಅಣ್ಣ ಹಾಕಿಕೊಂಡೇ ಕೂತರು.

ಶಾಲೆಯಲ್ಲೂ ಒಂದು ಬದಲಾವಣೆಯಾಯಿತು. ಯಾರೂ ಹೇಳಿಕೊಡಲಿಲ್ಲ, ಹುಡುಗರು ತಾವೇ ತಮ್ಮ ಮನೆಯವರನ್ನು ಕರೆತರತೊಡಗಿದರು. ಒಬ್ಬ ಕೋಲು ಹಿಡಿದ ತಂದೆಯನ್ನು ಕರೆತಂದ. ಓದು ಮುಗಿಸಿದ್ದ ಕನ್ನಡಕದ ಹುಡುಗಿಯೂ ಬಸುರಿ ಅಕ್ಕನನ್ನು ಕರೆತಂದಳು. ಶನಿವಾರ ಬೆಳಗಿನ ಹೊತ್ತು ಹಜಾರ ಬಂಧುಬಳಗದಿಂದ ತುಂಬಿರುತ್ತಿತ್ತು. ಗುಂಡಿಯಕ್ಕ ಸಣ್ಣ, ದೊಡ್ಡ, ಬಹಳ ದೊಡ್ಡ ಅಳತೆಯ ಚುಕ್ಕಿ ಅಂಗಿಗಳನ್ನು ಹೊಲಿದಿಟ್ಟರು.

ಒಂದು ಶನಿವಾರ ಒಬ್ಬ ಹುಡುಗ ತನ್ನ ತಾತನನ್ನು ಕರೆತಂದ. ತಾತನಿಗೆ ಅಂಗಿ ತೊಡಿಸಿ, ಸರದಿ ಬರುವವರೆಗೆ ಕುರ್ಚಿಯಲ್ಲಿ ಕೂರಿಸಿದರು. ಸರದಿ ಬಂದಾಗ ತಾತ ಗಾಢ ನಿದ್ದೆಯಲ್ಲಿದ್ದರು. ಮೊಮ್ಮಗ ಎಬ್ಬಿಸಲು ಬಗ್ಗಿದ. ಗುಂಡಿಯಕ್ಕ ಅವನ ತೋಳು ಹಿಡಿದು ಪರದೆ ತೋರಿಸಿದರು. ಅಲ್ಲಿ ಕತ್ತಲಿನ ನಡುವೆ, ಕುರ್ಚಿಯೂ ಕಾಣದೆ, ಬೂದು ಬಣ್ಣದ ಮುದುಕನೊಬ್ಬ ಗಾಳಿಯಲ್ಲೇ ಒರಗಿ ಕೂತಿದ್ದ. ಅವನ ಎದೆ ಮೆಲ್ಲಗೆ ಏರುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು.

ಗದ್ದಲದ ತರಗತಿ ಒಬ್ಬೊಬ್ಬರಾಗಿ ಸುಮ್ಮನಾಯಿತು. ಚುಕ್ಕಿ ಮೇಷ್ಟ್ರು ಕ್ಯಾಮೆರಾಗಳನ್ನು ಹಾಗೇ ನಡೆಯಲು ಬಿಟ್ಟರು.

"ಏನು ಮಾಡೋದು ಅಕ್ಕ?" ಎಂದು ಹುಡುಗ ಪಿಸುಗುಟ್ಟಿದ.

"ಏನು ಮಾಡೋದು ಅಂದ್ರೆ? ಇದನ್ನೇ ಹಿಡಿದಿಟ್ಕೋ" ಎಂದು ಗುಂಡಿಯಕ್ಕ ಹೇಳಿ, ತಾತನ ಕಾಲ ಮೇಲೆ ಅಂಚೆಯವನ ಕೋಟು ಹೊದಿಸಿದರು.